ಗೇಮ್‌ಬಾಯ್‌ನಲ್ಲಿ ಲೈವ್ ಡಾನ್ಸ್ ಮ್ಯೂಸಿಕ್: ಬೆಂಗಳೂರಿನಲ್ಲಿ ಶುರು ಮಾಡುವುದು ಹೇಗೆ?

ನಿಂಟೆಂಡೋ ಕಂಪನಿಯ ಹಳೇ ಕೈ ವಿಡಿಯೋ ಗೇಮ್ ಯಂತ್ರ ಗೇಮ್‌ಬಾಯ್ ಹಿಡಿದು ಜನರನ್ನು ಕುಣಿಸೋಕಾಗುತ್ತಾ? ಯಾವ ಮಾಡೆಲ್ ತಗೋಬೇಕು? ಬೆಂಗಳೂರಿನಲ್ಲಿ ಸಿಗುತ್ತಾ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಯಂತ್ರ ಆರಿಸುವುದರಿಂದ ಹಿಡಿದು ಸ್ಟೇಜ್ ಇಳಿಯುವವರೆಗೆ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಖಂಡಿತ ಕುಣಿಸಬಹುದು. ಆದರೆ ತುಂಬಾ ಜನ ದುಡ್ಡನ್ನೆಲ್ಲ ಯಂತ್ರಕ್ಕೆ ಸುರಿದು, ಕೆಳಗಿನ 5ನೇ ಹಂತಕ್ಕೆ ಸಮಯವನ್ನೇ ಕೊಡುವುದಿಲ್ಲ. ಲೈವ್ ಶೋ ನಿಲ್ಲುವುದೂ ಬೀಳುವುದೂ ಅಲ್ಲೇ. ಓದುವಾಗ ಅದನ್ನು ನೆನಪಿಟ್ಟುಕೊಳ್ಳಿ.

ಮೊದಲು ಯಂತ್ರದ ಶಕ್ತಿ ಎಷ್ಟು ಅಂತ ತಿಳಿದಿರಲಿ. 1989ರಲ್ಲಿ ಬಂದ ಗೇಮ್‌ಬಾಯ್ ಒಳಗೆ ಸದ್ದು ಮಾಡುವ ನಾಲ್ಕು ಚಾನೆಲ್ ಇವೆ. ಎರಡು ಪಲ್ಸ್ ಚಾನೆಲ್, ಅಂದರೆ ಹಳೇ ವಿಡಿಯೋ ಗೇಮಿನ ಆ ಚೂಪು ಸದ್ದು ಬರುವುದು ಇವುಗಳಿಂದ. ಮೂರನೆಯದು ವೇವ್ ಚಾನೆಲ್. ಇದರ ಅಲೆಯ ಆಕಾರವನ್ನು ನೀವೇ 32 ಚುಕ್ಕಿಗಳಲ್ಲಿ ಬಿಡಿಸಬಹುದು. ನಾಲ್ಕನೆಯದು ನಾಯ್ಸ್, ಬರೀ ‘ಶ್‌ಶ್’ ಅನ್ನುವ ಸದ್ದು. ತಾಳಕ್ಕೆ ಬೇಕಾಗುವುದು ಇದು. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಇಷ್ಟರಲ್ಲೇ ಡ್ರಮ್, ಬೇಸ್ (ಅಂದರೆ ಕೆಳಗಿನ ದಪ್ಪ ಸ್ವರ), ರಾಗ ಎಲ್ಲ ಹೊಂದಿಸಬೇಕು. ಹೀಗೆ ಹಳೇ ಗೇಮ್ ಯಂತ್ರಗಳ ಚಿಪ್‌ನಿಂದ ಮಾಡುವ ಸಂಗೀತಕ್ಕೆ ಚಿಪ್‌ಟ್ಯೂನ್ ಅನ್ನುತ್ತಾರೆ.

1. ಯಂತ್ರ ಕೊಳ್ಳುವ ಮುಂಚೆ ಕಂಪ್ಯೂಟರಿನಲ್ಲಿ ಮಾಡಿ ನೋಡಿ

ಗೇಮ್‌ಬಾಯ್‌ನಲ್ಲಿ ಸಂಗೀತ ಮಾಡಲು ಒಂದು ಸಾಫ್ಟ್‌ವೇರ್ ಬೇಕು. ಹೆಚ್ಚು ಬಳಕೆಯಲ್ಲಿರುವುದು ಎರಡು. ಒಂದು ಲಿಟಲ್ ಸೌಂಡ್ ಡಿಜೆ. ಎಲ್ಲರೂ ಕರೆಯುವುದು ಎಲ್‌ಎಸ್‌ಡಿಜೆ ಅಂತ. ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ ಬರೆದದ್ದು. ಇನ್ನೊಂದು ನ್ಯಾನೋಲೂಪ್, ಜರ್ಮನಿಯ ಆಲಿವರ್ ವಿಟ್ಚೋ 1998ರಲ್ಲಿ ಶುರು ಮಾಡಿದ್ದು. ನ್ಯಾನೋಲೂಪ್ ಕಲಿಯುವುದು ಬೇಗ. ಚೌಕಗಳ ಮೇಲೆ ಸ್ವರ ಇಟ್ಟು ತಿರುಗಿಸುತ್ತಾ ಹೋಗುವುದು. ಎಲ್‌ಎಸ್‌ಡಿಜೆ ಮೊದಲ ವಾರ ಕಷ್ಟ ಕೊಡುತ್ತದೆ, ಆದರೆ ಇಡೀ ಶೋ ಕಟ್ಟಲು ಅದರಲ್ಲಿ ಜಾಗ ಜಾಸ್ತಿ. ನನ್ನ ಓಟು ಎಲ್‌ಎಸ್‌ಡಿಜೆಗೆ. ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಎಲ್‌ಎಸ್‌ಡಿಜೆ ಫೈಲನ್ನು ಅದರ ಅಧಿಕೃತ ತಾಣದಿಂದಲೇ ಕೊಳ್ಳಿ. ಕದ್ದ ಹಳೇ ಆವೃತ್ತಿಗಳು ಎಲ್ಲೆಡೆ ಸಿಗುತ್ತವೆ, ಆದರೆ ಹಾಡು ಉಳಿಸುವಾಗ ಕೈಕೊಡುವ ದೋಷಗಳು ಅವುಗಳಲ್ಲಿ ಹಾಗೇ ಉಳಿದಿರಬಹುದು. ಜೊತೆಗೆ, ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ಬೆಳೆಸಿದ ಕೆಲಸ ಅದು. ಫೈಲನ್ನು ಸೇಮ್‌ಬಾಯ್‌ನಂಥ ಉಚಿತ ಎಮ್ಯುಲೇಟರ್‌ನಲ್ಲಿ ತೆರೆಯಿರಿ. ಎಮ್ಯುಲೇಟರ್ ಅಂದರೆ ಕಂಪ್ಯೂಟರನ್ನೇ ಗೇಮ್‌ಬಾಯ್ ಹಾಗೆ ನಡೆಸುವ ಪ್ರೋಗ್ರಾಮ್. ಒಂದು ತಿಂಗಳು ಇದರಲ್ಲೇ ಕೆಲಸ ಮಾಡಿ. ಆಮೇಲೂ ಆಸೆ ಇದ್ದರೆ ಮಾತ್ರ ಯಂತ್ರಕ್ಕೆ ದುಡ್ಡು ಹಾಕಿ.

2. ಯಂತ್ರ ಆರಿಸುವುದು

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮಲ್ಲಿ ತುಂಬಾ ಮನೆಗಳಲ್ಲಿದ್ದ ‘9999 ಇನ್ 1’ ಬ್ರಿಕ್ ಗೇಮ್ ಈ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕಾರ್ಟ್ರಿಡ್ಜ್, ಅಂದರೆ ಗೇಮ್ ತುಂಬಿರುವ ಪುಟ್ಟ ಡಬ್ಬಿ, ಹಾಕುವ ಜಾಗವೇ ಇಲ್ಲ. ಅಟ್ಟದಲ್ಲಿ ಅದು ಸಿಕ್ಕಿದ್ದರೆ ಸುಮ್ನೆ ಆಡಿಕೊಳ್ಳಿ.

ಬೇಕಾಗಿರುವುದು ಇವುಗಳಲ್ಲಿ ಒಂದು: 1989ರ ಮೂಲ ಗೇಮ್‌ಬಾಯ್, ಇದರ ಮಾಡೆಲ್ ನಂಬರ್ ಡಿಎಂಜಿ-01, 1996ರ ಗೇಮ್‌ಬಾಯ್ ಪಾಕೆಟ್, ಅಥವಾ 1998ರ ಗೇಮ್‌ಬಾಯ್ ಕಲರ್. ಡಾನ್ಸ್ ಮ್ಯೂಸಿಕ್‌ಗೆ ಡಿಎಂಜಿ ಮೇಲು, ಅದರ ಬೇಸ್ ತುಂಬಿಕೊಂಡು ಬರುತ್ತದೆ. ಪಾಕೆಟ್‌ನ ಸದ್ದು ತೆಳು. ಕಲರ್‌ನ ಪ್ರೊಸೆಸರ್ ವೇಗ ಜಾಸ್ತಿ, ಹಾಗಾಗಿ ಪರದೆಯ ಮೇಲೆ ಓಡಾಡುವುದು ಸಲೀಸು. 2001ರ ಗೇಮ್‌ಬಾಯ್ ಅಡ್ವಾನ್ಸ್‌ನಲ್ಲೂ ಎಲ್‌ಎಸ್‌ಡಿಜೆ ಓಡುತ್ತದೆ, ಆದರೆ ಹಿನ್ನೆಲೆಯ ಗುಂಯ್‌ಗುಡುವಿಕೆ ಹೆಚ್ಚು. ಅಡ್ವಾನ್ಸ್ ಎಸ್‌ಪಿಗೆ ಹೆಡ್‌ಫೋನ್ ತೂತೇ ಇಲ್ಲ, ಬೇರೆ ಅಡಾಪ್ಟರ್ ಬೇಕು. ನಿಂಟೆಂಡೋ ಡಿಎಸ್‌ನಲ್ಲಿ ಗೇಮ್‌ಬಾಯ್ ಕಾರ್ಟ್ರಿಡ್ಜ್ ಓಡುವುದಿಲ್ಲ.

ಬೆಂಗಳೂರಿನಲ್ಲಿ ಹುಡುಕುವವರು ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಿಂದ ಶುರು ಮಾಡಬಹುದು. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲೂ ಕಣ್ಣಾಡಿಸಿ. ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಕೆಲವರಿಗೆ ದುಬೈ, ಸಿಂಗಪುರದಿಂದ ಮಾವ ತಂದುಕೊಟ್ಟ ಯಂತ್ರ ಮನೆಯಲ್ಲೇ ಬಿದ್ದಿರುತ್ತದೆ, ಮೊದಲು ನೆಂಟರನ್ನು ಕೇಳಿ ನೋಡಿ. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು? ಮೊದಲು ಹಿಂದಿನ ಸೆಲ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಹಳೇ ಸೆಲ್ ಸೋರಿದೆ ಅಂತ ಅರ್ಥ. ಸ್ವಲ್ಪ ಇದ್ದರೆ ಹತ್ತಿಗೆ ವಿನೆಗರ್ ಅದ್ದಿ ಒರೆಸಿದರೆ ಹೋಗುತ್ತದೆ. ತಗಡೇ ತಿಂದುಹೋಗಿದ್ದರೆ ಬಿಟ್ಟುಬಿಡಿ. ನಾಲ್ಕು ಹೊಸ ಎಎ ಪೆನ್ಸಿಲ್ ಸೆಲ್ ಜೊತೆಗೇ ಒಯ್ಯಿರಿ, ಅಂಗಡಿಯವರ ಸೆಲ್ ನಂಬಿಕೊಂಡು ಹೋಗಬೇಡಿ. ಆನ್ ಮಾಡಿ ಪರದೆ ನೋಡಿ. ಉದ್ದುದ್ದ ಗೆರೆಗಳು ಕಾಣೆಯಾಗಿದ್ದರೆ ಅದು ಡಿಎಂಜಿಗಳ ಹಳೇ ಕಾಯಿಲೆ. ಬೆಸುಗೆ ಗೊತ್ತಿರುವವರು ಸರಿ ಮಾಡಬಲ್ಲರು, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೇಳಿ. ಆಮೇಲೆ ಹೆಡ್‌ಫೋನ್ ಹಾಕಿ ವಾಲ್ಯೂಮ್ ಚಕ್ರ ನಿಧಾನಕ್ಕೆ ತಿರುಗಿಸಿ. ಕರಕರ ಅಂದರೆ ಪರವಾಗಿಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಒಂದು ಕಿವಿಯಲ್ಲಿ ಸದ್ದೇ ಇಲ್ಲ ಅಂದರೆ ಮಾತ್ರ ಯೋಚಿಸಿ.

ಮೂಲ ಪರದೆಗೆ ಬೆಳಕಿಲ್ಲ. ಕತ್ತಲೆ ಸ್ಟೇಜ್‌ನಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಬ್ಯಾಕ್‌ಲೈಟ್ ಹಾಕಿಸಲೇಬೇಕು, ಇಲ್ಲವೇ ಪುಸ್ತಕ ಓದುವ ಪುಟ್ಟ ಕ್ಲಿಪ್ ದೀಪವಾದರೂ ಬೇಕು. ಕೆಲವು ಅಗ್ಗದ ಬ್ಯಾಕ್‌ಲೈಟ್ ಕಿಟ್‌ಗಳು ಸದ್ದಿನೊಳಗೆ ಸಣ್ಣ ಕೀರಲು ದನಿ ತರುತ್ತವೆ. ಹಾಕಿಸಿದ ಕೂಡಲೇ ಹೆಡ್‌ಫೋನ್‌ನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

3. ಕಾರ್ಟ್ರಿಡ್ಜ್

ಎಲ್‌ಎಸ್‌ಡಿಜೆ ಫೈಲನ್ನು ಯಂತ್ರಕ್ಕೆ ಹಾಕಲು ಫ್ಲ್ಯಾಶ್ ಕಾರ್ಟ್ರಿಡ್ಜ್ ಬೇಕು, ಅಂದರೆ ಫೈಲ್ ತುಂಬಿಸಬಹುದಾದ ಖಾಲಿ ಕಾರ್ಟ್ರಿಡ್ಜ್. ಎವರ್‌ಡ್ರೈವ್‌ನಂಥವು ಮೆಮೊರಿ ಕಾರ್ಡಿನಿಂದ ಓದುತ್ತವೆ. ಕೊಳ್ಳುವಾಗ ಒಂದೇ ಪ್ರಶ್ನೆ ಮುಖ್ಯ: 128 ಕಿಲೋಬೈಟ್ ಸೇವ್ ಮೆಮೊರಿ ಇದೆಯಾ? ಎಲ್‌ಎಸ್‌ಡಿಜೆಗೆ ಅಷ್ಟು ಬೇಕೇ ಬೇಕು. ಇಲ್ಲದಿದ್ದರೆ ಪ್ರೋಗ್ರಾಮ್ ತೆರೆಯುತ್ತದೆ, ಹಾಡು ಮಾತ್ರ ಉಳಿಯುವುದಿಲ್ಲ.

ಕೆಲವು ಕಾರ್ಟ್ರಿಡ್ಜ್‌ಗಳಲ್ಲಿ ಹಾಡು ಉಳಿಯುವುದು ಒಳಗಿರುವ ಗುಂಡಿ ಬ್ಯಾಟರಿಯಿಂದ. ಬ್ಯಾಟರಿ ಸತ್ತ ದಿನ ಹಾಡುಗಳೂ ಹೋದವು. ಪ್ರತಿ ವಾರ ಸೇವ್ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಇನ್ನೊಂದು ಅಪಾಯ ಎಲ್‌ಎಸ್‌ಡಿಜೆ ಒಳಗೇ ಇದೆ. ನೀವು ತಿದ್ದುತ್ತಿರುವ ಹಾಡು ಒಂದು ಕಡೆ, ಉಳಿಸಿದ 32 ಹಾಡುಗಳ ಜಾಗ ಇನ್ನೊಂದು ಕಡೆ. ಈಗಿನ ಹಾಡನ್ನು ಸೇವ್ ಮಾಡದೆ ಬೇರೊಂದನ್ನು ಲೋಡ್ ಮಾಡಿದರೆ ತಿದ್ದಿದ್ದೆಲ್ಲ ನೀರಿನಲ್ಲಿ ಹೋಮ.

4. ಮೊದಲ ಬೀಟ್

ಎಲ್‌ಎಸ್‌ಡಿಜೆ ಒಂದು ಟ್ರ್ಯಾಕರ್. ಅಂದರೆ ಸ್ವರಗಳನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಬರೆದು, ಯಂತ್ರ ಅದನ್ನು ಓದುತ್ತಾ ನುಡಿಸುವ ಪದ್ಧತಿ. 16 ಸಾಲು ಸೇರಿ ಒಂದು ಫ್ರೇಸ್. ಫ್ರೇಸ್‌ಗಳನ್ನು ಪೋಣಿಸಿದರೆ ಒಂದು ಚೈನ್. ಚೈನ್‌ಗಳನ್ನು ನಾಲ್ಕು ಚಾನೆಲ್‌ಗಳ ಕೆಳಗೆ ಜೋಡಿಸಿದರೆ ಸಾಂಗ್. ಸೆಲೆಕ್ಟ್ ಒತ್ತಿ ಹಿಡಿದು ಬಲಕ್ಕೆ ಹೋದರೆ ಸಾಂಗ್‌ನಿಂದ ಚೈನ್, ಚೈನ್‌ನಿಂದ ಫ್ರೇಸ್, ಅಲ್ಲಿಂದ ಇನ್‌ಸ್ಟ್ರುಮೆಂಟ್ ಪರದೆ. ಎ ಬಟನ್ ಸ್ವರ ಇಡುತ್ತದೆ. ಎ ಹಿಡಿದು ಬಾಣದ ಬಟನ್ ಒತ್ತಿದರೆ ಸ್ವರ ಬದಲಾಗುತ್ತದೆ.

ಎಣಿಕೆ 16ರ ನೆಲೆಯದು. 9 ಆದಮೇಲೆ ಎ, ಬಿ, ಸಿ, ಡಿ, ಇ, ಎಫ್ ಬರುತ್ತವೆ. ಎ ಅಂದರೆ ಹತ್ತು, ಎಫ್ ಅಂದರೆ ಹದಿನೈದು. ಫ್ರೇಸ್‌ನ ಸಾಲುಗಳು 0ಯಿಂದ ಎಫ್‌ವರೆಗೆ. ಎರಡು ದಿನದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ, ಹೆದರಬೇಡಿ.

ಈಗ ಪ್ರಾಜೆಕ್ಟ್ ಪರದೆಯಲ್ಲಿ ಟೆಂಪೋ 128ಕ್ಕೆ ಇಡಿ, ಅಂದರೆ ನಿಮಿಷಕ್ಕೆ 128 ಬೀಟ್. ಹೌಸ್ ಅನ್ನುವ ಬಗೆಯ ಡಾನ್ಸ್ ಮ್ಯೂಸಿಕ್‌ನ ನಡಿಗೆ ಇದರ ಆಸುಪಾಸು.

ಕಿಕ್ (ಅಂದರೆ ಡ್ರಮ್ ಸೆಟ್ಟಿನ ದೊಡ್ಡ ಡ್ರಮ್ಮಿನ ‘ಧಮ್’) ಮತ್ತು ಬೇಸ್ ಎರಡನ್ನೂ ವೇವ್ ಚಾನೆಲ್‌ಗೆ ಕೊಡಿ. ಕಾರಣ ಇದೆ. ಪಲ್ಸ್ ಚಾನೆಲ್ ಸುಮಾರು 64 ಹರ್ಟ್ಸ್‌ಗಿಂತ ಕೆಳಗೆ ಇಳಿಯಲಾರದು. ವೇವ್ ಚಾನೆಲ್ ಸುಮಾರು 32 ಹರ್ಟ್ಸ್‌ವರೆಗೆ ಹೋಗುತ್ತದೆ. ಎದೆಗೆ ಗುದ್ದುವ ಸದ್ದು ಇರುವುದು ಆ ಕೆಳಗಿನ ಭಾಗದಲ್ಲೇ.

ಸಾಲು 0, 4, 8, ಸಿ — ಈ ನಾಲ್ಕರಲ್ಲಿ ಕಿಕ್ ಇಡಿ. ಅದನ್ನು ಮಾಡುವುದು ಹೀಗೆ: ಮಧ್ಯದ ಒಂದು ಸ್ವರ ಇಟ್ಟು, ಪಿ ಆಜ್ಞೆಯಿಂದ ಅದನ್ನು ಸರ್ರನೆ ಕೆಳಕ್ಕೆ ಜಾರಿಸಿ. ಪಿ ಅಂದರೆ ಪಿಚ್. ಅದರ ಅಂಕಿಯನ್ನು ಎಫ್‌ಎಫ್‌ನಿಂದ 80ರ ಕಡೆಗೆ ಇಳಿಸಿದಷ್ಟೂ ಸ್ವರ ಬೇಗ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಕೆ ಆಜ್ಞೆ ಕೊಟ್ಟು ಸದ್ದು ಕತ್ತರಿಸಿ. ಇವೆರಡನ್ನೂ ಕಿಕ್ ಇನ್‌ಸ್ಟ್ರುಮೆಂಟಿನ ಟೇಬಲ್‌ನಲ್ಲಿ ಬರೆದಿಟ್ಟರೆ ಪ್ರತಿ ಸಲ ಟೈಪ್ ಮಾಡುವ ಕಷ್ಟವಿಲ್ಲ. ಟೇಬಲ್ ಅಂದರೆ ಸ್ವರ ನುಡಿದ ಕೂಡಲೇ ತಾನಾಗಿ ನಡೆಯುವ ಆಜ್ಞೆಗಳ ಪಟ್ಟಿ.

ನಡುವಿನ 2, 6, ಎ, ಇ ಸಾಲುಗಳಲ್ಲಿ ಬೇಸ್ ಸ್ವರ ಇಡಿ. ಧಮ್-ಊಂ-ಧಮ್-ಊಂ. ಒಂದೇ ಚಾನೆಲ್ ಆದ್ದರಿಂದ ಕಿಕ್ ಬಂದಾಗ ಬೇಸ್ ತಾನಾಗಿ ನಿಲ್ಲುತ್ತದೆ. ದೊಡ್ಡ ಸ್ಟುಡಿಯೋಗಳಲ್ಲಿ ಕಿಕ್‌ಗೆ ದಾರಿ ಬಿಡಲು ಬೇಸ್ ತಗ್ಗಿಸುವ ಕಸರತ್ತು ಮಾಡುತ್ತಾರೆ. ಇಲ್ಲಿ ಅದು ಪುಕ್ಕಟೆ ಸಿಗುತ್ತದೆ. ಈ ಒಂದು ಫ್ರೇಸನ್ನು ಸ್ಪೀಕರ್‌ನಲ್ಲಿ ಕೇಳಿದಾಗ ಕಾಲು ತಾನಾಗಿ ಅಲ್ಲಾಡದಿದ್ದರೆ ಮುಂದೆ ಹೋಗಬೇಡಿ. ಕಿಕ್‌ನ ಜಾರುವ ವೇಗ, ಕತ್ತರಿಸುವ ಜಾಗ ಎರಡನ್ನೇ ತಿದ್ದುತ್ತಾ ಕೂರಿ.

ನಾಯ್ಸ್‌ನಲ್ಲಿ 4 ಮತ್ತು ಸಿಗೆ ಸ್ನೇರ್, ಅಂದರೆ ಚಟ್ ಅನ್ನುವ ಡ್ರಮ್ ಪೆಟ್ಟು. 2, 6, ಎ, ಇಗೆ ಚಿಕ್ಕ ಹೈ-ಹ್ಯಾಟ್, ಅಂದರೆ ತಾಳದ ತಟ್ಟೆಗಳ ‘ಚಿಕ್’. ಪಲ್ಸ್ 1ಕ್ಕೆ ರಾಗ. ಪಲ್ಸ್ 2ರಲ್ಲಿ ಸಿ ಆಜ್ಞೆ ಬಳಸಿ: ಸಿ37 ಕೊಟ್ಟರೆ ಮೈನರ್ ಕಾರ್ಡ್, ಸಿ47 ಕೊಟ್ಟರೆ ಮೇಜರ್ ಕಾರ್ಡ್. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಮೂರು ಸ್ವರಗಳನ್ನು ಒಂದರ ಹಿಂದೆ ಒಂದು ಅತಿ ವೇಗವಾಗಿ ತಿರುಗಿಸಿ, ಒಟ್ಟಿಗೆ ನುಡಿದ ಹಾಗೆ ಕೇಳಿಸುವ ಉಪಾಯ ಇದು.

ನಡೆ ತೀರಾ ಯಾಂತ್ರಿಕ ಅನ್ನಿಸಿದರೆ ಗ್ರೂವ್ ಪರದೆಗೆ ಹೋಗಿ. ಒಂದೊಂದು ಸಾಲು ಎಷ್ಟು ಹೊತ್ತು ಅಂತ ಹೇಳುವ ಅಂಕಿಗಳು ಅಲ್ಲಿ 6, 6 ಇರುತ್ತವೆ. 7, 5 ಮಾಡಿ. ಒಟ್ಟು 12 ಉಳಿದರೆ ಟೆಂಪೋ ಕೆಡುವುದಿಲ್ಲ, ತೂಗು ಮಾತ್ರ ಬರುತ್ತದೆ.

ಇಲ್ಲಿ ನಮ್ಮ ತಾಳಗಳನ್ನು ಮರೆಯಬೇಡಿ. ಆದಿತಾಳದ 8 ಎಣಿಕೆ 16 ಸಾಲಿಗೆ ಸರಿಯಾಗಿ ಕೂರುತ್ತದೆ. ಮಿಶ್ರಛಾಪು ಬೇಕಾ? ಸಾಲು ಇಯಲ್ಲಿ ಎಚ್00 ಆಜ್ಞೆ ಇಡಿ. ಎಚ್ ಅಂದರೆ ಮುಂದಿನ ಫ್ರೇಸ್‌ಗೆ ಹಾರು. ಫ್ರೇಸ್ 14 ಸಾಲಿಗೆ ಮುಗಿದು 7ರ ನಡೆ ಬರುತ್ತದೆ. ಸಾಲು ಎಯಲ್ಲಿ ಇಟ್ಟರೆ 10 ಸಾಲು, ಖಂಡಛಾಪು. ನಾಲ್ಕೂ ಚಾನೆಲ್‌ಗಳಲ್ಲಿ ಹಾಕಬೇಕು, ಒಂದರಲ್ಲಿ ಮರೆತರೂ ತಾಳ ಚದುರುತ್ತದೆ. ತಮಟೆ ಪೆಟ್ಟುಗಳನ್ನು ನಾಯ್ಸ್ ಚಾನೆಲ್‌ನಲ್ಲಿ ಬರೆದು ನೋಡಿ. ಬೆಂಗಳೂರಿನ ಜನ ಆ ಪೆಟ್ಟಿಗೆ ಕುಣಿಯದೆ ಇರುವುದಿಲ್ಲ.

5. ಲೈವ್‌ಗೆ ಹಾಡನ್ನು ಜೋಡಿಸುವುದು

ಸಾಂಗ್ ಪರದೆಯಲ್ಲಿ ಸೆಲೆಕ್ಟ್ ಹಿಡಿದು ಎಡಕ್ಕೆ ಒತ್ತಿ. ಲೈವ್ ಮೋಡ್ ಬರುತ್ತದೆ. ಈಗ ಪ್ರತಿ ಚಾನೆಲ್ ಸ್ವತಂತ್ರ. ಕರ್ಸರ್ ಇರುವ ಚೈನ್ ಮೇಲೆ ಸ್ಟಾರ್ಟ್ ಒತ್ತಿದರೆ ಆ ಚೈನ್ ಶುರುವಾಗುತ್ತದೆ. ಸೆಲೆಕ್ಟ್ ಹಿಡಿದು ಸ್ಟಾರ್ಟ್ ಒತ್ತಿದರೆ ನಿಲ್ಲುತ್ತದೆ.

ಹೊಸಬರು ಎಡವುವುದು ಇಲ್ಲಿ. ಹೊಸ ಚೈನ್ ಒತ್ತಿದ ಕ್ಷಣವೇ ಬರುವುದಿಲ್ಲ. ಈಗ ಓಡುತ್ತಿರುವ ಚೈನ್ ಮುಗಿಯುವವರೆಗೆ ಕಾಯುತ್ತದೆ. 128 ಟೆಂಪೋದಲ್ಲಿ ಒಂದು ಫ್ರೇಸ್ ಎರಡು ಸೆಕೆಂಡಿಗಿಂತ ತುಸು ಕಡಿಮೆ. ನಾಲ್ಕು ಫ್ರೇಸಿನ ಚೈನ್ ಏಳೂವರೆ ಸೆಕೆಂಡು. ಹದಿನಾರು ಫ್ರೇಸಿನದು ಪೂರ್ತಿ ಅರ್ಧ ನಿಮಿಷ. ಜನ ಕೈ ಎತ್ತಿ ಬೀಟ್‌ಗೆ ಕಾಯುತ್ತಿರುವಾಗ ಅರ್ಧ ನಿಮಿಷ ಬಹಳ ದೊಡ್ಡದು. ತುರ್ತು ಇದ್ದರೆ ಸ್ಟಾರ್ಟ್ ಇನ್ನೊಮ್ಮೆ ಒತ್ತಿ. ಆಗ ಈಗಿನ ಫ್ರೇಸ್ ಮುಗಿದ ಕೂಡಲೇ ಹೊಸದು ಬರುತ್ತದೆ. ಆದರೂ ಲೈವ್‌ಗೆ ಇಡುವ ಚೈನ್‌ಗಳು 1, 2 ಅಥವಾ 4 ಫ್ರೇಸಿನವೇ ಇರಲಿ. ಮೂರು, ಐದು ಬೇಡ. 1, 2, 4 ಆದರೆ ನಾಲ್ಕೂ ಚಾನೆಲ್‌ನ ಬದಲಾವಣೆ ಒಟ್ಟಿಗೆ ಕೂರುತ್ತದೆ.

ಒಂದು ಚೈನ್ ತನ್ನಷ್ಟಕ್ಕೆ ಸುತ್ತುತ್ತಿರಬೇಕಾದರೆ ಅದರ ಮೇಲೆ, ಕೆಳಗೆ ಒಂದೊಂದು ಸಾಲು ಖಾಲಿ ಬಿಡಿ. ಖಾಲಿ ಬಿಡದಿದ್ದರೆ ಕೆಳಗಿನ ಚೈನ್‌ಗೆ ಜಾರಿಕೊಂಡು ಹೋಗುತ್ತದೆ. ನಾನು ಸೂಚಿಸುವ ಜೋಡಣೆ: ಮೇಲಿನ ಸಾಲಲ್ಲಿ ಬರೀ ಹೈ-ಹ್ಯಾಟ್ ಮತ್ತು ಸಣ್ಣ ಬೇಸ್. ಅದರ ಕೆಳಗಿನ ಗುಂಪಲ್ಲಿ ಪೂರ್ತಿ ಬೀಟ್. ಮೂರನೆಯದರಲ್ಲಿ ಕಿಕ್ ಇಲ್ಲದ, ರಾಗ ಮಾತ್ರ ಇರುವ ಉಸಿರಾಟದ ಜಾಗ. ನಾಲ್ಕನೆಯದರಲ್ಲಿ ಎಲ್ಲವೂ ಜೋರು. ಹೀಗೆ ಇಟ್ಟರೆ ಕೆಳಗೆ ಇಳಿದಷ್ಟೂ ಬಿಸಿ ಏರುತ್ತದೆ, ಬೇಕಾದಾಗ ಮೇಲೆ ಹತ್ತಿ ತಣ್ಣಗೆ ಮಾಡಬಹುದು. ಪರದೆ ಓದುವ ಗೋಜಿಲ್ಲದೆ ಬೆರಳಿಗೇ ದಾರಿ ಗೊತ್ತಾಗಬೇಕು.

ಬಿ ಹಿಡಿದು ಸೆಲೆಕ್ಟ್ ಒತ್ತಿದರೆ ಆ ಚಾನೆಲ್ ಮ್ಯೂಟ್ ಆಗುತ್ತದೆ. ಬಿ ಹಿಡಿದು ಸ್ಟಾರ್ಟ್ ಒತ್ತಿದರೆ ಅದೊಂದೇ ಕೇಳಿಸುತ್ತದೆ. ಡಾನ್ಸ್ ಮ್ಯೂಸಿಕ್‌ನ ಅರ್ಧ ನಾಟಕ ಇರುವುದು ವೇವ್ ಚಾನೆಲ್ ಮ್ಯೂಟ್ ಮಾಡಿ, ಜನರನ್ನು ಕಾಯಿಸಿ, ಸರಿಯಾದ ಒಂದನೇ ಬೀಟ್‌ಗೆ ವಾಪಸ್ ಬಿಡುವುದರಲ್ಲಿ. ಇದನ್ನು ದಿನಾ ಅಭ್ಯಾಸ ಮಾಡಿ, ಹೆಬ್ಬೆರಳಿಗೆ ಕೂರುವ ತನಕ.

ಇನ್ನೊಂದು ಎಚ್ಚರಿಕೆ. ಒಂದೇ ಫ್ರೇಸನ್ನು ಹಲವು ಚೈನ್‌ಗಳಲ್ಲಿ ಬಳಸಿದ್ದರೆ, ಒಂದು ಕಡೆ ತಿದ್ದಿದ್ದು ಎಲ್ಲ ಕಡೆ ಬದಲಾಗುತ್ತದೆ. ಬೇರೆ ರೂಪ ಬೇಕಾದರೆ ಮೊದಲು ಕ್ಲೋನ್ ಮಾಡಿ, ಅಂದರೆ ನಕಲು ತೆಗೆದು ಅದನ್ನು ತಿದ್ದಿ. ಬರೀ ಶ್ರುತಿ ಬದಲಿಸಲು ಇಷ್ಟೆಲ್ಲ ಬೇಡ. ಚೈನ್ ಪರದೆಯ ಟ್ರಾನ್ಸ್‌ಪೋಸ್ ಕಾಲಂನಲ್ಲಿ ಅಂಕಿ ಹಾಕಿದರೆ ಸಾಕು.

ಮೊದಲ ಶೋಗೆ 20 ನಿಮಿಷ ಸಾಕು. ಹಾಡು ಬದಲಿಸಲು ಲೋಡ್ ಮಾಡುವಾಗ ಸದ್ದು ನಿಲ್ಲುತ್ತದೆ. ಹಾಗಾಗಿ ಎರಡು ಮೂರು ಹಾಡುಗಳನ್ನು ಒಂದೇ ಫೈಲ್‌ನಲ್ಲಿ ಕೆಳಗೆ ಕೆಳಗೆ ಜೋಡಿಸಿಕೊಳ್ಳಿ.

6. ಕೇಬಲ್

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಇಷ್ಟು ತನ್ನಿ: 3.5 ಎಂಎಂ ಸ್ಟೀರಿಯೋ ಪಿನ್‌ನಿಂದ ಎರಡು 6.35 ಎಂಎಂ ಮೋನೋ ಪಿನ್‌ಗೆ ಒಡೆಯುವ ವೈ ಕೇಬಲ್, ಒಂದಲ್ಲ, ಎರಡು. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದರೆ ಸಾಕು, ಗಾಡಿ ನಿಲ್ಲಿಸುವ ತಲೆನೋವು ಬೇಡ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ.

ಅಲ್ಲಿಂದ ಸದ್ದು ಡಿಐ ಬಾಕ್ಸ್‌ಗೆ ಹೋಗಬೇಕು. ಉದ್ದದ ಕೇಬಲ್‌ನಲ್ಲಿ ಗುಂಯ್ ಸದ್ದು ಸೇರದಂತೆ ತಡೆದು ಮಿಕ್ಸರ್‌ಗೆ ಕಳಿಸುವ ಪೆಟ್ಟಿಗೆ ಅದು. ಸಾಮಾನ್ಯವಾಗಿ ಶೋ ಜಾಗದಲ್ಲೇ ಇರುತ್ತದೆ, ಮುಂಚೆಯೇ ಕೇಳಿಕೊಳ್ಳಿ. ಹೆಡ್‌ಫೋನ್ ತೂತಿನಿಂದ ನೇರ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್‌ಗೆ ಹೋಗುವ ಅಗ್ಗದ ಪಿನ್ ಮಾತ್ರ ಬೇಡ. ಎಡ-ಬಲ ಎರಡೂ ಒಂದನ್ನೊಂದು ಹೊಡೆದುಹಾಕಿ ಸದ್ದು ಪೊಳ್ಳಾಗುತ್ತದೆ.

ಬೇಸ್ ಇನ್ನೂ ಬೇಕು ಅನ್ನುವವರು ಪ್ರೋಸೌಂಡ್ ಮಾಡಿಸುತ್ತಾರೆ. ಒಳಗಿನ ಪುಟ್ಟ ಆಂಪ್ಲಿಫೈಯರ್‌ಗೆ ಹೋಗುವ ಮುಂಚೆಯೇ ಸದ್ದನ್ನು ಹೊರಗೆಳೆಯುವ ಬೆಸುಗೆ ಕೆಲಸ ಅದು. ಒಳ್ಳೆಯದೇ. ಆದರೆ ಮೊದಲ ಶೋಗೆ ಅಗತ್ಯವಿಲ್ಲ.

7. ಎರಡನೇ ಗೇಮ್‌ಬಾಯ್

ಲಿಂಕ್ ಕೇಬಲ್ ಹಾಕಿ, ಒಂದನ್ನು ಮುಂದಾಳು ಮಾಡಿ, ಇನ್ನೊಂದು ಅದರ ತಾಳಕ್ಕೆ ನಡೆಯುವಂತೆ ಪ್ರಾಜೆಕ್ಟ್ ಪರದೆಯ ಸಿಂಕ್‌ನಲ್ಲಿ ಹೊಂದಿಸಬಹುದು. ಎಂಟು ಚಾನೆಲ್ ಸಿಗುತ್ತದೆ. ಡಿಎಂಜಿಯ ಲಿಂಕ್ ತೂತು ದೊಡ್ಡದು, ಪಾಕೆಟ್ ಮತ್ತು ಕಲರ್‌ನದು ಚಿಕ್ಕದು, ನೋಡಿ ಕೊಳ್ಳಿ. ಒಂದರಲ್ಲಿ ಪಳಗುವವರೆಗೆ ಎರಡನೆಯದರ ಆಸೆ ಬೇಡ.

8. ಸೌಂಡ್ ಚೆಕ್ ಮತ್ತು ಶೋ

ಕಾಲೇಜ್ ಫೆಸ್ಟ್, ಚಿಕ್ಕ ಕೆಫೆ, ಗೆಳೆಯರ ಮನೆ ಮಹಡಿ, ಎಲ್ಲಿಂದ ಬೇಕಾದರೂ ಶುರು ಮಾಡಿ. ಬಯಲಲ್ಲಿ ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮಗಳು ಹಾಗೆ ಹೇಳುತ್ತವೆ. ಒಂಬತ್ತೂವರೆಗೆ ಮುಗಿಯುವ ಹಾಗೆ ಸಮಯ ಕೇಳಿ.

ಸೌಂಡ್ ಇಂಜಿನಿಯರ್ ಹತ್ತಿರ ಮೊದಲೇ ಹೋಗಿ ಹೇಳಿ: “ಅಣ್ಣಾ, ಎರಡು ಚಾನೆಲ್ ಲೈನ್, ಡಿಐ ಬೇಕು. ಮೇಲಿನ ಸದ್ದು ತುಂಬಾ ಚೂಪು, ಸ್ವಲ್ಪ ತಗ್ಗಿಸಿ ಕೊಡಿ.” ಆಟಿಕೆ ನೋಡಿ ಅವರಿಗೆ ಅನುಮಾನ ಬರುವುದು ಸಹಜ. ಕಿಕ್ ಮತ್ತು ಬೇಸ್ ಕೇಳಿಸಿದ ಮೇಲೆ ಅವರೇ ಆಸಕ್ತಿಯಿಂದ ಹೊಂದಿಸಿ ಕೊಡುತ್ತಾರೆ. ನಿಮ್ಮ ಹಾಡಿನ ಅತಿ ಜೋರು ಭಾಗವನ್ನೇ ಅವರಿಗೆ ಕೇಳಿಸಿ, ಮೆಲ್ಲನೆಯದನ್ನಲ್ಲ. ವಾಲ್ಯೂಮ್ ಚಕ್ರ ಎಲ್ಲಿದೆ ಅಂತ ಟೇಪ್ ತುಂಡು ಅಂಟಿಸಿ ಗುರುತು ಮಾಡಿ. ಕೈ ತಗುಲಿ ತಿರುಗುವುದು ಬಹಳ ಸುಲಭ.

ಎಡ-ಬಲದ ಆಟ ಜಾಸ್ತಿ ಬೇಡ. ಗೇಮ್‌ಬಾಯ್‌ನಲ್ಲಿ ಸದ್ದು ಪೂರ್ತಿ ಎಡ, ಪೂರ್ತಿ ಬಲ ಅಥವಾ ಎರಡೂ ಕಡೆ, ನಡುವಿನದು ಇಲ್ಲ. ಕಿಕ್, ಬೇಸ್, ಸ್ನೇರ್ ಯಾವಾಗಲೂ ಎರಡೂ ಕಡೆ ಇರಲಿ. ಇಲ್ಲದಿದ್ದರೆ ಸಭಾಂಗಣದ ಅರ್ಧ ಜನಕ್ಕೆ ಬೀಟೇ ಕೇಳುವುದಿಲ್ಲ.

ಪವರ್ ಅಡಾಪ್ಟರ್ ಬಳಸಬೇಡಿ, ಕರೆಂಟಿನ ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಡಿಎಂಜಿಗೆ ಬೇಕಾದ 6 ವೋಲ್ಟ್ ಅಡಾಪ್ಟರ್‌ನಲ್ಲಿ ಒಳಪಿನ್ ನೆಗೆಟಿವ್ ಇರಬೇಕು, ಸಿಕ್ಕಿದ್ದು ಚುಚ್ಚಿದರೆ ಯಂತ್ರ ಸುಡಬಹುದು. ಹೊಸ ಆಲ್ಕಲೈನ್ ಸೆಲ್ ಹಾಕಿ. ಕೆಂಪು ದೀಪ ಮಂಕಾದರೆ ಸೆಲ್ ಮುಗಿಯುತ್ತಾ ಬಂದಿದೆ ಅಂತ ತಿಳಿಯಿರಿ. ಕಾರ್ಟ್ರಿಡ್ಜ್ ಹಲ್ಲುಗಳನ್ನು ಹಿಂದಿನ ದಿನವೇ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಲೋಹ ಹಾಳಾಗುತ್ತದೆ. ನುಡಿಸುವಾಗ ಕಾರ್ಟ್ರಿಡ್ಜ್ ಅಲ್ಲಾಡಿದರೂ ಯಂತ್ರ ಹ್ಯಾಂಗ್ ಆಗಬಹುದು, ಹಾಗಾಗಿ ಕುಣಿಯುವಾಗ ಕೈ ಗಟ್ಟಿ.

ಆನ್ ಮಾಡುವಾಗ ಬರುವ ‘ಟಿಣಿಂಗ್’ ಸದ್ದು ಸ್ಪೀಕರ್‌ನಲ್ಲಿ ಕೇಳಬಾರದು ಅಂದರೆ, ಮಿಕ್ಸರ್ ಚಾನೆಲ್ ತೆರೆಯುವ ಮುಂಚೆ ಯಂತ್ರ ಆನ್ ಮಾಡಿ. ಮುಗಿದ ಮೇಲೆ ಚಾನೆಲ್ ಮುಚ್ಚಿದರು ಅಂತ ನೋಡಿಯೇ ಪಿನ್ ಎಳೆಯಿರಿ.

ಜನರಿಗೆ ನೀವು ಏನು ಮಾಡುತ್ತಿದ್ದೀರಿ ಅಂತ ಕಾಣುವುದಿಲ್ಲ. ಒಂದು ಫೋನನ್ನು ಸ್ಟ್ಯಾಂಡ್‌ಗೆ ಹಾಕಿ ನಿಮ್ಮ ಕೈ ಮೇಲೆ ತಿರುಗಿಸಿ, ಪ್ರೊಜೆಕ್ಟರ್‌ಗೆ ಕೊಡಿ. ಹೆಬ್ಬೆರಳು ಮ್ಯೂಟ್ ಒತ್ತಿದ್ದು, ಬೀಟ್ ನಿಂತಿದ್ದು ಒಟ್ಟಿಗೆ ಕಂಡಾಗ ಕೂಗು ತಾನಾಗಿ ಬರುತ್ತದೆ.

ಮನೆಗೆ ಬಂದ ಮೇಲೆ ಸೇವ್ ಫೈಲನ್ನು ಕಂಪ್ಯೂಟರಿಗೆ ಇಳಿಸಿ. ಮುಂದಿನ ಶೋ ತಿಂಗಳಾಚೆ ಇದ್ದರೆ ಸೆಲ್‌ಗಳನ್ನು ತೆಗೆದಿಡಿ.